ಕೊಡಗಿನ ರಾಜಕುಮಾರಿ ಗೌರಮ್ಮನ ವಿವಾಹ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಥೆಗಳಲ್ಲಿ ರಾಜಕುಮಾರಿಯ ವಿವಾಹವೆಂದರೆ ಆನೆ, ಅಂಬಾರಿ, ಮಂಗಳವಾದ್ಯ. ಚರಿತ್ರೆಯಲ್ಲಾದರೋ ಅದು ಬಹುಪಾಲು ಹಿರಿಯರ ವ್ಯವಹಾರವಾಗಿದ್ದಿತು. ನಮ್ಮ ದಿಂಬಂ ಘಟ್ಟವನ್ನು ಬಿಟ್ಟು ಮೈಸೂರನ್ನು ದಾಟಿದರೆ ಸಿಕ್ಕುವ ಕೊಡಗಿನ ಒಬ್ಬ ಅರಸುಮಗಳ ವೃತ್ತಾಂತವನ್ನು ಈ ದಿನ ನಿಮ್ಮ ಮುಂದಿಡುತ್ತೇನೆ.

ಕೊಡಗನ್ನು ಆಳಿದ ಹಾಲೇರಿ ವಂಶದವರು ತಮ್ಮ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂಬ ಹೆಸರಿನಿಂದ ಕನ್ನಡದಲ್ಲಿಯೇ ಬರೆಯಿಸಿದವರು. ಆ ವಂಶದ ಕೊನೆಯ ದೊರೆ ಚಿಕ್ಕವೀರರಾಜೇಂದ್ರ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಓದಿದವರಿಗೆ ಆತನ ಪರಿಚಯವುಂಟು. ಆತನು ಒಳ್ಳೆಯ ದೊರೆಯಾಗಿದ್ದನೆಂದು ನಾನು ಹೇಳಲಾರೆ. ೧೮೩೪ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಆತನನ್ನು ಪದಚ್ಯುತಗೊಳಿಸಿತು. ಬಳಿಕ ಆತನು ಕಾಶಿಯಲ್ಲಿ ಇರಬೇಕಾಯಿತು. ಗೌರಮ್ಮನು ಹುಟ್ಟಿದ್ದು ಅಲ್ಲಿಯೇ, ೧೮೪೧ರಲ್ಲಿ. ತಂದೆಯ ರಾಜ್ಯವನ್ನು ಆಕೆ ಕಂಡವಳೇ ಅಲ್ಲ.

ಆಕೆಯ ಅಕ್ಕನೊಬ್ಬಳನ್ನು ನೇಪಾಳದ ಪ್ರಧಾನಿ ಜಂಗ್ ಬಹಾದೂರನಿಗೆ ಕೊಟ್ಟು ವಿವಾಹವಾಯಿತು. ರಾಜ್ಯ ಕಳೆದುಕೊಂಡವನಿಗೆ ಹೆಣ್ಣುಮಕ್ಕಳೇ ಉಳಿದ ಬೊಕ್ಕಸ! ೧೮೫೨ರಲ್ಲಿ ರಾಜನು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಕಂಪನಿಯಲ್ಲಿ ಸಿಕ್ಕಿಕೊಂಡಿದ್ದ ತನ್ನ ಹಣವನ್ನು ಪಡೆಯಬೇಕು, ಮಗಳನ್ನು ರಾಣಿಯ ಆಶ್ರಯದಲ್ಲಿರಿಸಬೇಕು ಎಂಬುವು ಎರಡು ಉದ್ದೇಶಗಳು. ಹಣ ಕೈಸೇರಲಿಲ್ಲ. ಎರಡನೆಯದು ಈಡೇರಿತು. ಅದೇ ವರ್ಷ ಆಕೆಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನು ಕೊಟ್ಟಳು. ನಮ್ಮ ಆರನೆಯ ತರಗತಿಯ ಹೆಣ್ಣುಮಕ್ಕಳನ್ನು ಒಮ್ಮೆ ನೋಡಿರಿ. ಗೌರಮ್ಮನಿಗೆ ಆಗ ಅಷ್ಟೇ ವಯಸ್ಸು. ಮುಂದೆ ಆಕೆ ಬೆಳೆದದ್ದು ತಂದೆಯಿಂದ ದೂರವಾಗಿ, ಇಂಗ್ಲಿಷರ ಮನೆಗಳಲ್ಲಿ.

ಪಂಜಾಬಿನ ಸಿಂಹಾಸನವನ್ನು ಕಳೆದುಕೊಂಡ ಮಹಾರಾಜ ದುಲೀಪ್ ಸಿಂಗನೂ ೧೮೫೪ರಲ್ಲಿ ಇಂಗ್ಲೆಂಡಿಗೆ ಬಂದನು. ಆತನೂ ಕ್ರೈಸ್ತನಾಗಿದ್ದನು. ಈ ಇಬ್ಬರಿಗೂ ವಿವಾಹವಾದರೆ ಒಳ್ಳೆಯದೆಂದು ರಾಣಿಯು ಬಯಸಿದಳು. ದುಲೀಪ್ ಸಿಂಗನು ಒಲ್ಲೆನೆಂದನು. ಆತನ ಮಾತು ನಡೆಯಿತು. ಸಾಮ್ರಾಜ್ಞಿಯ ಇಚ್ಛೆಗೂ ಗಂಡಿನ ನಿರಾಕರಣೆಯು ತಡೆಯಾಯಿತೆಂಬುದನ್ನು ಗಮನಿಸಬೇಕು.

೧೮೬೦ರಲ್ಲಿ ಗೌರಮ್ಮನು ಕರ್ನಲ್ ಜಾನ್ ಕ್ಯಾಂಬೆಲ್‌ನನ್ನು ವಿವಾಹವಾದಳು. ಆಕೆಯನ್ನು ನೋಡಿಕೊಳ್ಳುತ್ತಿದ್ದ ಲೇಡಿ ಲಾಗಿನ್ ಅವರ ಸಹೋದರನೇ ಈತ. ವಿಧುರ, ಮಕ್ಕಳೊಂದಿಗ, ಆಕೆಗಿಂತ ಸುಮಾರು ಮೂವತ್ತು ವರ್ಷ ಹಿರಿಯ. ಆಕೆಯ ತಂದೆಯು ಹಿಂದಿನ ವರ್ಷವೇ ಲಂಡನ್ನಿನಲ್ಲಿ ತೀರಿಕೊಂಡಿದ್ದನು. ಗೌರಮ್ಮನು ಒಪ್ಪಿಯೇ ಕೈಹಿಡಿದಳೆನ್ನೋಣ. ಆದರೆ ತವರಿಲ್ಲದ, ಸ್ವಂತ ಕಸುಬಿಲ್ಲದ ಹುಡುಗಿಗೆ ಬೇರೆ ಯಾವ ಬಾಗಿಲು ತೆರೆದಿದ್ದಿತು?

ಇದನ್ನು ಇಲ್ಲಿ ಹೇಳಲು ಕಾರಣವುಂಟು. ಹುಡುಗಿಗೆ ಹದಿನೆಂಟು ತುಂಬಿದೊಡನೆ ಕಾಯಿದೆಯ ತೊಡಕು ತೀರಿತೆಂದು ನಮ್ಮ ತಾಳವಾಡಿ ಸೀಮೆಯ ಕೆಲವು ತಂದೆಯರು ನಿಶ್ಚಿಂತರಾಗುತ್ತಾರೆ. “ಗಂಡು ಗೊತ್ತಾಗಿದೆ ಸಾರ್, ಇನ್ನು ಕಾಲೇಜು ಏತಕ್ಕೆ?” ಎಂದು ನನ್ನನ್ನು ಕೇಳುವವರೂ ಉಂಟು. ಅದು ಮಗಳ ಕಿವಿಗೆ ಬಿದ್ದಿದೆಯೇ ಎಂದು ನಾನು ಮರಳಿ ಕೇಳುತ್ತೇನೆ. ಬಹಳ ಸಲ ಉತ್ತರವಿಲ್ಲ. ಗೌರಮ್ಮನಿಗೂ ವಿವಾಹಕಾಲದಲ್ಲಿ ಹತ್ತೊಂಬತ್ತರ ಪ್ರಾಯ. ವಯಸ್ಸಿನ ಲೆಕ್ಕದಲ್ಲಿ ಕೊರತೆಯಿರಲಿಲ್ಲ.

೧೮೬೧ರಲ್ಲಿ ಆಕೆಗೆ ಈಡಿತ್ ಎಂಬ ಮಗಳು ಹುಟ್ಟಿದಳು. ೧೮೬೪ರಲ್ಲಿ, ಇಪ್ಪತ್ತಮೂರು ತುಂಬುವ ಮುನ್ನವೇ, ಗೌರಮ್ಮನು ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ. ಅದೇ ವರ್ಷ ದುಲೀಪ್ ಸಿಂಗನು ಈಜಿಪ್ಟಿನಲ್ಲಿ ತಾನು ಮೆಚ್ಚಿದ ಬಾಂಬಾ ಮ್ಯುಲ್ಲರ್ ಎಂಬ ಕನ್ಯೆಯನ್ನು ವರಿಸಿದನು.