ಕವಲುಬಾಲದ ವಿಮಾನಕ್ಕೆ ಬಂದ ಅಪವಾದ

ಮನುಷ್ಯರಿಗೆ ಅಡ್ಡಹೆಸರುಗಳು ಬರುವಂತೆ ಯಂತ್ರಗಳಿಗೂ ಬರುವುದುಂಟು. ಒಮ್ಮೆ ಅಂಟಿದ ಹೆಸರನ್ನು ಆಮೇಲೆ ತೊಳೆದುಕೊಳ್ಳುವುದು ಇಬ್ಬರಿಗೂ ಕಷ್ಟವೇ. ಅಮೆರಿಕ ದೇಶದ ಕ್ಯಾನ್ಸಸ್ ಸಂಸ್ಥಾನದ ವಿಚಿಟಾ ನಗರದಲ್ಲಿ ಬೀಚ್‌ಕ್ರಾಫ್ಟ್ ಕಂಪೆನಿಯವರು ನಿರ್ಮಿಸಿದ ‘ಬೊನಾನ್ಜಾ’ ಎಂಬ ಲಘು ವಿಮಾನಕ್ಕೆ ಇಂಥದೊಂದು ಹೆಸರು ಬಂದಿತು. ‘ಕವಲುಬಾಲದ ವೈದ್ಯಹಂತಕ’ ಎಂಬುದೇ ಆ ಹೆಸರು. ಇದು ಎಷ್ಟುಮಟ್ಟಿಗೆ ನ್ಯಾಯ, ಎಷ್ಟುಮಟ್ಟಿಗೆ ಅನ್ಯಾಯ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಬೊನಾನ್ಜಾ ಮೊದಲು ಹಾರಿದ್ದು 1945ರ ಡಿಸೆಂಬರಿನಲ್ಲಿ. ಮಾರಾಟಕ್ಕೆ ಬಂದದ್ದು 1947ರಲ್ಲಿ. ನಾಲ್ಕು ಮಂದಿ ಕೂರುವ, ಒಂದೇ ಎಂಜಿನ್ನಿನ, ಲೋಹದ ಮೈಯುಳ್ಳ ಈ ವಿಮಾನ ಹಾರುವಾಗ ತನ್ನ ಚಕ್ರಗಳನ್ನು ಒಳಕ್ಕೆ ಮಡಚಿಕೊಂಡು ಗಂಟೆಗೆ ಸುಮಾರು 170 ಮೈಲಿಗಳ ವೇಗದಲ್ಲಿ ಸಾಗುತ್ತಿತ್ತು. ಖಾಸಗಿ ವಿಮಾನಕ್ಕೆ ಅಂದಿನ ಕಾಲದಲ್ಲಿ ಇದು ಸಾಮಾನ್ಯವಾದ ವೇಗವಲ್ಲ. ನೋಡಿದವರ ಕಣ್ಣನ್ನು ಸೆಳೆಯುತ್ತಿದ್ದುದು ಇದರ ಬಾಲ. ಇತರ ವಿಮಾನಗಳ ಬಾಲದಲ್ಲಿ ಅಡ್ಡಲಾಗಿ ಎರಡು, ನೆಟ್ಟಗೆ ಒಂದು, ಹೀಗೆ ಮೂರು ಹಲಗೆಗಳಿದ್ದರೆ, ಇದರಲ್ಲಿ ಓರೆಯಾಗಿ ಮೇಲಕ್ಕೆ ಚಾಚಿದ ಎರಡೇ ಹಲಗೆಗಳು ಆ ಮೂರರ ಕೆಲಸವನ್ನೂ ಮಾಡುತ್ತಿದ್ದುವು. 1982ರವರೆಗೆ ಹತ್ತು ಸಾವಿರಕ್ಕೂ ಮಿಕ್ಕಿ ಕವಲುಬಾಲದ ಬೊನಾನ್ಜಾಗಳು ತಯಾರಾದುವು.

ಇಂಥ ವಿಮಾನವನ್ನು ಕೊಳ್ಳಬಲ್ಲವರು ಯಾರು? ಕೈತುಂಬ ಹಣವಿರುವವರು, ಆದರೆ ಹಾರಾಟವನ್ನು ನಿತ್ಯ ಅಭ್ಯಾಸ ಮಾಡಲು ಬಿಡುವಿಲ್ಲದವರು. ವೈದ್ಯರು, ವಕೀಲರು, ವ್ಯಾಪಾರಿಗಳು ಇಂಥವರೇ. ಅವರಲ್ಲಿ ಕೆಲವರು ಮೋಡದೊಳಗೆ ಸಿಕ್ಕಿ ಮಡಿದರು. ಕೆಲವು ವಿಮಾನಗಳು ಆಕಾಶದಲ್ಲಿಯೇ ಮುರಿದು ತುಂಡುತುಂಡಾಗಿ ಉದುರಿದುವು. ಒಂದು ಪಕ್ಷದವರು ಬಾಲವನ್ನು ದೂರಿದರು. ಇನ್ನೊಂದು ಪಕ್ಷದವರು ಚಾಲಕರನ್ನು ದೂರಿದರು. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುವುದುಂಟು. ಎರಡನ್ನೂ ಪರೀಕ್ಷಿಸದೆ ತೀರ್ಪು ಕೊಡುವುದು ಸರಿಯಲ್ಲ.

ಮೊದಲು ಕುಣಿಯುವವರ ವಿಷಯ. 1959ನೆಯ ಇಸವಿ ಫೆಬ್ರವರಿ 3ರ ನಡುರಾತ್ರಿ ಕಳೆದು ಐವತ್ತೈದು ನಿಮಿಷಗಳಾಗಿದ್ದಾಗ, ಅಯೋವಾ ಸಂಸ್ಥಾನದ ಮೇಸನ್ ಸಿಟಿಯಿಂದ ಒಂದು ಬೊನಾನ್ಜಾ ಮೇಲೇರಿತು. ಅದರಲ್ಲಿ ಬಡ್ಡಿ ಹಾಲಿ, ರಿಚಿ ವೇಲೆನ್ಸ್, ಜೆ. ಪಿ. ರಿಚರ್ಡ್ಸನ್ ಎಂಬ ಮೂವರು ಪ್ರಖ್ಯಾತ ಗಾಯಕರಿದ್ದರು. ಚಳಿಗಾಲದ ಸಂಗೀತ ಪ್ರವಾಸದಲ್ಲಿ ಅವರ ಬಸ್ಸಿನ ಶಾಖಯಂತ್ರ ಕೆಟ್ಟಿತ್ತು. ಮುಂದಿನ ಊರನ್ನು ಬೇಗ ಸೇರಿ ವಿಶ್ರಮಿಸೋಣವೆಂದು ವಿಮಾನವನ್ನು ಬಾಡಿಗೆಗೆ ಹಿಡಿದಿದ್ದರು. ಚಾಲಕನಿಗೆ ಇಪ್ಪತ್ತೊಂದು ವರ್ಷ. ಹೊರಗೆ ಕಗ್ಗತ್ತಲೆ, ಹಗುರವಾದ ಹಿಮಪಾತ. ಕೆಲವೇ ನಿಮಿಷಗಳಲ್ಲಿ ವಿಮಾನ ಬಲಗಡೆಗೆ ವಾಲಿ, ಪೂರ್ಣ ವೇಗದಲ್ಲಿ ಹೊಲಕ್ಕೆ ಬಡಿಯಿತು. ಒಬ್ಬರೂ ಉಳಿಯಲಿಲ್ಲ.

ಸರಕಾರದ ವಿಚಾರಣೆಯಲ್ಲಿ ಎಂಜಿನ್ನಾಗಲಿ ಬಾಲವಾಗಲಿ ನೆಲಕ್ಕೆ ಬಡಿಯುವ ಮುನ್ನ ಕೆಟ್ಟಿದ್ದ ಕುರುಹು ಕಾಣಲಿಲ್ಲ. ಕಂಡದ್ದು ಬೇರೆ. ಹೊರಗಿನ ದೃಶ್ಯವೇನೂ ಕಾಣದಿರುವಾಗ ಕೇವಲ ಉಪಕರಣಗಳನ್ನು ನೋಡಿ ಹಾರುವುದಕ್ಕೆ ಬೇಕಾದ ಅರ್ಹತೆ ಆ ತರುಣನಿಗೆ ಇರಲಿಲ್ಲ. ಹವೆ ಕೆಡುವುದೆಂಬ ಎರಡು ಎಚ್ಚರಿಕೆಗಳು ಅವನಿಗೆ ತಲಪಿರಲಿಲ್ಲ. ಇಷ್ಟೇ ಅಲ್ಲದೆ, ವಿಮಾನದ ಮೂತಿ ಮೇಲಿದೆಯೋ ಕೆಳಗಿದೆಯೋ ತಿಳಿಸುವ ಉಪಕರಣ, ಅವನು ಕಲಿತಿದ್ದ ಉಪಕರಣಕ್ಕೆ ವಿರುದ್ಧವಾದ ರೀತಿಯಲ್ಲಿ ಸೂಚನೆ ಕೊಡುವಂಥದಾಗಿತ್ತು. ಇಳಿಯುತ್ತಿರುವಾಗ ಏರುತ್ತಿದ್ದೇನೆಂದು ಅವನು ಭಾವಿಸಿರಬಹುದು. ಹೀಗೆ ಒಂದೊಂದಾಗಿ ನೋಡಿದರೆ ಸಣ್ಣವಾದ ಕಾರಣಗಳು ಸರಪಳಿಯಂತೆ ಕೂಡಿಕೊಂಡು ನಾಲ್ವರನ್ನು ಕಟ್ಟಿ ಎಳೆದುವು.

ಕಣ್ಣಿಗೆ ದಿಗಂತ ಕಾಣದೆ ಹೋದರೆ ಮನುಷ್ಯನು ಮೇಲು ಕೆಳಗುಗಳನ್ನು ಅರಿಯಲಾರನೆ ಎಂದು ಕೇಳಬಹುದು. ಅರಿಯಲಾರನು ಎಂಬುದೇ ಉತ್ತರ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಲದ ನಾಳಗಳಿವೆ. ತಲೆ ತಿರುಗಿದಾಗ ಆ ದ್ರವದ ಚಲನೆಯಿಂದ ನಮಗೆ ತಿರುಗಿದ ಅರಿವಾಗುತ್ತದೆ. ತಿರುಗುವುದು ಬಹು ನಿಧಾನವಾಗಿದ್ದರೆ ಅದು ಅರಿವಿಗೇ ಬಾರದು. ಒಂದೇ ಸಮನಾಗಿ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ದ್ರವವೂ ನಾಳದೊಡನೆ ಸಮವಾಗಿ ಸಾಗಿ, ನೆಟ್ಟಗೆ ಹೋಗುತ್ತಿರುವೆವೆಂಬ ಭ್ರಾಂತಿ ಹುಟ್ಟುತ್ತದೆ. ಮೋಡದೊಳಗೆ ವಿಮಾನ ಮೆಲ್ಲಗೆ ಒಂದು ಕಡೆಗೆ ವಾಲುತ್ತದೆ, ಮೂತಿ ತಗ್ಗುತ್ತದೆ, ವೇಗ ಹೆಚ್ಚುತ್ತದೆ. ಎತ್ತರ ಕುಗ್ಗುತ್ತಿರುವುದನ್ನು ಕಂಡು ಗಾಬರಿಗೊಂಡ ಚಾಲಕನು ಹಿಡಿಯನ್ನು ತನ್ನತ್ತ ಎಳೆಯುತ್ತಾನೆ. ರೆಕ್ಕೆಗಳು ವಾಲಿರುವುದರಿಂದ ಆ ಎಳೆತ ವಿಮಾನವನ್ನು ಮೇಲೆತ್ತುವುದರ ಬದಲು ಸುರುಳಿಯನ್ನು ಇನ್ನೂ ಬಿಗಿಗೊಳಿಸುತ್ತದೆ. ನುಣುಪಾದ ಮೈಯ ಬೊನಾನ್ಜಾ ಇತರ ಲಘು ವಿಮಾನಗಳಿಗಿಂತ ಬೇಗನೆ ವೇಗವನ್ನು ಗಳಿಸುತ್ತದೆ. ಯಾವ ಗುಣಕ್ಕೆ ಮೆಚ್ಚಿ ಕೊಂಡರೋ ಆ ಗುಣವೇ ಅಲ್ಲಿ ಮುಳುವಾಗುತ್ತದೆ.

ಇದು ಊಹೆಯ ಮಾತಲ್ಲ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದವರು ಬೊನಾನ್ಜಾ ವಿಮಾನವನ್ನೇ ತೆಗೆದುಕೊಂಡು ಒಂದು ಪ್ರಯೋಗವನ್ನು ನಡಸಿದರು. ಉಪಕರಣ ನೋಡಿ ಹಾರುವ ಶಿಕ್ಷಣವಿಲ್ಲದ ಇಪ್ಪತ್ತು ಮಂದಿ ಚಾಲಕರಿಗೆ ಹೊರಗಿನದು ಕಾಣದಂತೆ ಮರೆ ಕಟ್ಟಿ, ಪಕ್ಕದಲ್ಲಿ ಶಿಕ್ಷಕನನ್ನು ಕೂರಿಸಿ, ಹಾರಲು ಬಿಟ್ಟರು. ಇಪ್ಪತ್ತು ಮಂದಿಯೂ ವಿಮಾನದ ಹಿಡಿತ ತಪ್ಪಿದರು. ಹತ್ತೊಂಬತ್ತು ಮಂದಿ ನಾವು ಈಗ ಹೇಳಿದ ಸುರುಳಿಯಲ್ಲಿಯೇ ಬಿದ್ದರು. ಸರಾಸರಿ ಅವರು ತಡೆದುಕೊಂಡ ಕಾಲ 178 ಸೆಕೆಂಡುಗಳು. ಅಂದರೆ ಮೂರು ನಿಮಿಷಗಳೂ ಇಲ್ಲ. ಒಬ್ಬನಂತೂ 20 ಸೆಕೆಂಡುಗಳಲ್ಲಿಯೇ ಸೋತನು.

ಬಾಲವೇ ಕಾರಣವಾಗಿದ್ದರೆ ನೇರಬಾಲದ ವಿಮಾನಗಳು ಮೋಡದಲ್ಲಿ ಸುಖವಾಗಿರಬೇಕಾಗಿತ್ತು. ಹಾಗಾಗಲಿಲ್ಲ. ಇದೇ ಕಂಪೆನಿಯವರು ಬೊನಾನ್ಜಾದ ಮೈಗೆ ಸಾಮಾನ್ಯವಾದ ಬಾಲವನ್ನಿಟ್ಟು ‘ಡೆಬೊನೇರ್’ ಎಂಬ ವಿಮಾನವನ್ನು ತಯಾರಿಸಿದರು. 1964ರ ಜುಲೈ 31ರಂದು ಗಾಯಕ ಜಿಮ್ ರೀವ್ಸ್ ತಾನೇ ನಡಸುತ್ತಿದ್ದ ಡೆಬೊನೇರ್ ನ್ಯಾಶ್‌ವಿಲ್ ನಗರದ ಹತ್ತಿರ ಬಿರುಮಳೆಯಲ್ಲಿ ಸಿಕ್ಕಿ ನೆಲಕ್ಕುರುಳಿತು. ಅದಕ್ಕೆ ಕವಲುಬಾಲವಿರಲಿಲ್ಲ.

ಇಲ್ಲಿಗೆ ವಿಚಾರಣೆ ಮುಗಿಯಿತೆಂದು ಏಳಬಹುದಾಗಿತ್ತು. ಎದ್ದವರೂ ಬಹಳ ಮಂದಿ. ಆದರೆ ನೆಲದ ಡೊಂಕನ್ನೂ ನೋಡಬೇಕಷ್ಟೆ. 1951ರಲ್ಲಿ ಬಂದ ಸಿ-35 ಎಂಬ ಮಾದರಿಯಿಂದ ಮುಂದೆ ಬಾಲದ ಹಲಗೆಗಳನ್ನು ಮುಂಭಾಗಕ್ಕೆ ಅಗಲಮಾಡಿದ್ದರು. ಹೀಗೆ ಮುಂದೆ ಚಾಚಿದ ಅಂಚಿಗೆ ವಿಮಾನದ ಮೈಯಲ್ಲಿ ಬೇರೆ ಆಧಾರವಿರಲಿಲ್ಲ. ವೇಗ ಮಿತಿಮೀರಿದಾಗ ಗಾಳಿಯ ಒತ್ತಡ ಆ ಅಂಚನ್ನು ತಿರುಚಿ ಬಾಲವನ್ನೇ ಮುರಿಯಬಹುದಾಗಿತ್ತು. ಚಾಲಕನು ತಪ್ಪಿದನೆಂಬುದು ನಿಜವಾದರೂ, ತಪ್ಪಿದವನಿಗೆ ಸುಧಾರಿಸಿಕೊಳ್ಳುವ ಅವಕಾಶವನ್ನು ಈ ಬಾಲ ಕಡಮೆಮಾಡಿತ್ತು. ಕೊನೆಗೆ 1987ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆಯವರು, ಹಲಗೆಯು ಮೈಗೆ ಕೂಡುವಲ್ಲಿ ಮುಂದಿನ ಅಂಚನ್ನು ಬಿಗಿಹಿಡಿಯುವ ಲೋಹದ ಪಟ್ಟಿಯೊಂದನ್ನು ಕೂರಿಸತಕ್ಕದ್ದೆಂದು ಆಜ್ಞೆಮಾಡಿದರು. ಚಾಲಕರದೇ ತಪ್ಪೆಂದು ಹೇಳುತ್ತ ಕಳೆದ ವರ್ಷಗಳು ಮೂವತ್ತಕ್ಕೂ ಹೆಚ್ಚು.

ಡೊಂಕು ಬಾಲದಲ್ಲಿ ಮಾತ್ರವೇ ಇರಲಿಲ್ಲ. ಚಕ್ರಗಳನ್ನು ಮಡಚುವ ಹಿಡಿಕೆ, ಇಳಿಯುವಾಗ ರೆಕ್ಕೆಯ ಹಿಂದೆ ಬಾಗಿಸುವ ‘ಫ್ಲ್ಯಾಪ್’ ಪಟ್ಟಿಗಳ ಹಿಡಿಕೆ, ಇವೆರಡೂ ಹಳೆಯ ಬೊನಾನ್ಜಾಗಳಲ್ಲಿ ಇತರ ಬಹುಪಾಲು ವಿಮಾನಗಳಿಗೆ ಹೋಲಿಸಿದರೆ ಅದಲುಬದಲಾಗಿದ್ದುವು. ನೆಲ ಮುಟ್ಟಿ ಓಡುತ್ತಿರುವಾಗ ಪಟ್ಟಿಯನ್ನು ಎತ್ತಲು ಕೈ ಚಾಚಿದವನು ಅಭ್ಯಾಸಬಲದಿಂದ ಚಕ್ರಗಳನ್ನೇ ಎತ್ತಿ ವಿಮಾನವನ್ನು ಹೊಟ್ಟೆಯ ಮೇಲೆ ಕೂರಿಸಿದ ಪ್ರಸಂಗಗಳು ಹಲವು. 1980ರಲ್ಲಿ ಅಪಘಾತ ವಿಚಾರಣೆಯ ಮಂಡಲಿಯವರು, ಇದು ಕೈಯ ತಪ್ಪಷ್ಟೇ ಅಲ್ಲ, ಕೈಯನ್ನು ತಪ್ಪಿಸುವ ರಚನೆಯ ತಪ್ಪೂ ಹೌದೆಂದು ವರದಿಮಾಡಿದರು. ಪೆಟ್ರೋಲಿನ ವಿಷಯವೂ ಹೀಗೆಯೇ. ಹಿಂದಿನ ಕೆಲವು ಮಾದರಿಗಳಲ್ಲಿ ಎಂಜಿನ್ ಬಳಸದೆ ಉಳಿಸಿದ ಪೆಟ್ರೋಲು, ಯಾವ ತೊಟ್ಟಿಯಿಂದ ಬಂದಿದ್ದರೂ ಎಡತೊಟ್ಟಿಗೇ ಹಿಂದಿರುಗುತ್ತಿತ್ತು. ಎಡತೊಟ್ಟಿ ತುಂಬಿರುವಾಗ ಬಲತೊಟ್ಟಿಯನ್ನು ಬಳಸಿದವನ ಪೆಟ್ರೋಲು ಗಾಳಿಯ ಪಾಲು. ತೊಟ್ಟಿಗಳು ರೆಕ್ಕೆಯ ಮುಂಭಾಗದಲ್ಲಿರುವುದರಿಂದ ಪೆಟ್ರೋಲು ಮುಗಿದಂತೆಲ್ಲ ತೂಕ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಆಸನಗಳಲ್ಲಿ ಇಬ್ಬರು ದಪ್ಪನೆಯವರೂ ಅವರ ಪೆಟ್ಟಿಗೆಗಳೂ ಇದ್ದರೆ, ಹೊರಡುವಾಗ ಸರಿಯಾಗಿದ್ದ ಸಮತೋಲ ಇಳಿಯುವಾಗ ತಪ್ಪಿರುತ್ತದೆ. ಇವೆಲ್ಲ ಪುಸ್ತಕದಲ್ಲಿ ಬರೆದಿರುವ ಸಂಗತಿಗಳೇ. ಆದರೆ ಬಿಡುವಿಲ್ಲದವನು ಪುಸ್ತಕವನ್ನು ಓದುವುದು ಯಾವಾಗ?

ಹಾಗಾದರೆ ತೀರ್ಪೇನು? ಅಡ್ಡಹೆಸರು ಮಾಡಿದ ಕೇಡು ದೊಡ್ಡದೆಂದು ನಾವು ಭಾವಿಸುತ್ತೇವೆ. ‘ವೈದ್ಯಹಂತಕ’ ಎಂದವರು ನಕ್ಕು ಸುಮ್ಮನಾದರು. ಬಾಲವನ್ನು ಬೈದವನು ತನ್ನ ಅಭ್ಯಾಸದ ಕೊರತೆಯನ್ನು ಮರೆತನು. ಚಾಲಕನನ್ನು ಬೈದವನು ಬಾಲವನ್ನು ಭದ್ರಪಡಿಸಲು ಮರೆತನು. ಎರಡು ಮರೆವುಗಳ ನಡುವೆ ಸತ್ತವರು ಸತ್ತರು. ಅಪಘಾತದ ಕಾರಣವನ್ನು ಹುಡುಕುವವನು ಅಪರಾಧಿಯೊಬ್ಬನು ಸಿಕ್ಕಿದೊಡನೆ ನಿಲ್ಲಬಾರದು. ಸರಪಳಿಯ ಎಲ್ಲ ಕೊಂಡಿಗಳನ್ನೂ ಎಣಿಸಬೇಕು. ಯಾವ ಒಂದು ಕೊಂಡಿ ಕಳಚಿದ್ದರೂ ಜೀವ ಉಳಿಯುತ್ತಿತ್ತಲ್ಲವೆ?

ಇಲಿನಾಯಿನ ಪ್ರಯೋಗದ ಉತ್ತರಾರ್ಧವನ್ನು ಹೇಳಿ ಮುಗಿಸುತ್ತೇವೆ. ಸೋತ ಆ ಇಪ್ಪತ್ತು ಮಂದಿಗೆ ಶಿಕ್ಷಕರು ಮೋಡವನ್ನು ಗೆಲ್ಲುವ ವಿದ್ಯೆಯನ್ನು ಕಲಿಸಲಿಲ್ಲ. ಚಕ್ರಗಳನ್ನು ಇಳಿಸಿ ವೇಗವನ್ನು ತಗ್ಗಿಸುವುದು, ಹಿಡಿಯಿಂದ ಕೈ ತೆಗೆಯುವುದು, ತಿರುವನ್ನು ತೋರಿಸುವ ಮುಳ್ಳೊಂದನ್ನೇ ನಂಬಿ ಕಾಲಿನಿಂದ ಮೆಲ್ಲಗೆ ತಿರುಗಿಸಿ, ಬಂದ ದಾರಿಗೇ ಮುಖಮಾಡುವುದು, ಇಷ್ಟನ್ನೇ ಕಲಿಸಿದರು. ಮತ್ತೆ ಪರೀಕ್ಷಿಸಿದಾಗ ಹೆಚ್ಚುಕಡಮೆ ಪ್ರತಿಯೊಂದು ಸಲವೂ ವಿಮಾನ ಕ್ಷೇಮವಾಗಿ ಹಿಂದಿರುಗಿತು. ವಿಮಾನ ಅದೇ, ಬಾಲ ಅದೇ, ಕಿವಿಯೊಳಗಿನ ಭ್ರಾಂತಿಯೂ ಅದೇ. ಹೊಸದಾಗಿ ಬಂದದ್ದು ಹಿಂದಿರುಗುವ ವಿವೇಕವೊಂದೇ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಆಕಾಶದಲ್ಲಿ ಆ ಮಾತಿಗೆ ತೆರಬೇಕಾದ ಬೆಲೆ ಪ್ರಾಣ. ತಲಪಬೇಕಾದ ಊರು ನಾಳೆಯೂ ಅಲ್ಲಿಯೇ ಇರುತ್ತದೆ.