ಬೆರಳಿನ ಯಂತ್ರವೂ ಮೈಬಣ್ಣವೂ
(ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)

 

ಆರೋಗ್ಯದ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಒಂದು ಸಣ್ಣ ಯಂತ್ರದ ವಿಚಾರವನ್ನಷ್ಟೇ ಅರಿಕೆ ಮಾಡಿಕೊಳ್ಳುತ್ತೇನೆ. 2020-21ರ ಕೊರೋನಾ ಕಾಲದಲ್ಲಿ ತಮ್ಮಲ್ಲಿ ಅನೇಕರು ಅದನ್ನು ಬೆರಳಿಗೆ ಸಿಕ್ಕಿಸಿಕೊಂಡಿರಬಹುದು. ಆಕ್ಸಿಮೀಟರ್ ಎಂದು ಅದರ ಹೆಸರು. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನೂ ಬೆರಳಿನಲ್ಲಿ ಹಾಯಿಸಿ, ನೆತ್ತರು ಎಷ್ಟನ್ನು ಹೀರಿತೆಂಬುದರಿಂದ ಅದರೊಳಗಿನ ಆಮ್ಲಜನಕವನ್ನು ಲೆಕ್ಕಹಾಕುವುದು ಅದರ ಕ್ರಮ. ಆದರೆ ಚರ್ಮವನ್ನು ಕಪ್ಪಾಗಿಸುವ ದ್ರವ್ಯವೂ ಬೆಳಕನ್ನು ಹೀರುವಂಥದು. ಯಂತ್ರದ ಲೆಕ್ಕವನ್ನು ಹೊಂದಿಸಿದುದಾದರೋ ಬಹುಮಟ್ಟಿಗೆ ತಿಳಿಬಣ್ಣದ ಮೈಯವರ ಬೆರಳುಗಳ ಮೇಲೆ.

ಇದರ ಪರಿಣಾಮವೇನೆಂಬುದನ್ನು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಯಂತ್ರವು 92ರಿಂದ 96ರವರೆಗಿನ ಅಂಕಿಯನ್ನು ತೋರಿಸುತ್ತಿದ್ದ ವೇಳೆಯಲ್ಲಿಯೇ ಧಮನಿಯ ನೆತ್ತರನ್ನು ತೆಗೆದು ಪರೀಕ್ಷಿಸಿದಾಗ, ಕಪ್ಪು ರೋಗಿಗಳಲ್ಲಿ ನೂರಕ್ಕೆ 11.7 ಸಲ ನಿಜವಾದ ಪ್ರಮಾಣವು 88ಕ್ಕಿಂತ ಕೆಳಗಿತ್ತು. ಬಿಳಿಯರಲ್ಲಿ ನೂರಕ್ಕೆ 3.6 ಸಲ. ಆಸ್ಪತ್ರೆಯಲ್ಲಿ ಹಾಸಿಗೆ ಯಾರಿಗೆ, ಆಮ್ಲಜನಕ ಯಾರಿಗೆ ಎಂಬುದು ಆ ದಿನಗಳಲ್ಲಿ ಈ ಅಂಕಿಯನ್ನು ನಂಬಿಯೇ ಗೊತ್ತಾಗುತ್ತಿದ್ದಿತೆಂಬುದನ್ನು ತಾವು ಬಲ್ಲಿರಿ. ಕಪ್ಪು ರೋಗಿಗಳಲ್ಲಿ ಯಂತ್ರವು ಹೆಚ್ಚು ತಪ್ಪುವುದೆಂದು ಆ ದೇಶದ ಇಬ್ಬರು ವೈದ್ಯರು 1990ರಲ್ಲಿಯೇ ಬರೆದಿದ್ದರು! ಮೂವತ್ತು ವರುಷ ಆ ಮಾತಿಗೆ ಯಾರೂ ಸಾಕಷ್ಟು ಕಿವಿಗೊಡಲಿಲ್ಲ. ಇದರಲ್ಲಿ ಕಪ್ಪು ಜನರ ಕೇಡನ್ನು ಬಯಸಿದವರು ಯಾರೂ ಇರಲಿಕ್ಕಿಲ್ಲ. ಅದೇ ನನ್ನನ್ನು ಹೆಚ್ಚಾಗಿ ಕಾಡುವ ಸಂಗತಿ.

ಅದು ಪರದೇಶದ ಮಾತಾಯಿತೆನ್ನಬೇಡಿರಿ. ನಮ್ಮ ಹೊಲಗಳಲ್ಲಿ ದುಡಿಯುವವರ ಮೈಬಣ್ಣ ಎಂಥದು? 2021ರಲ್ಲಿ ವೃದ್ಧ ರೈತರೊಬ್ಬರು ನನ್ನಲ್ಲಿಗೆ ಬಂದರು. ಯಂತ್ರವು 94 ತೋರಿತು. “ಅಂಕಿ ಚೆನ್ನಾಗಿದೆ ಯಜಮಾನರೇ, ಮನೆಗೆ ಹೋಗಿರಿ” ಎಂದು ಕಳುಹಿಸಿಬಿಟ್ಟೆನು. ಮರುದಿನ ನಸುಕಿನಲ್ಲಿ ಮಗನು ಅವರನ್ನು ಹೊತ್ತು ತಂದನು. ದೈವಕೃಪೆಯಿಂದ ಬದುಕಿದರು. ಯಂತ್ರ ತಪ್ಪಿತೋ, ರಾತ್ರಿಯಲ್ಲಿ ರೋಗವೇ ಏರಿತೋ, ನಿರ್ಣಯಿಸಲಾರೆನು. ಅವರ ಎದೆಯ ಏರಿಳಿತವನ್ನು ಮಾತ್ರ ನಾನು ಆ ದಿನ ನೋಡಿರಲಿಲ್ಲ.

ಅಂದಿನಿಂದ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸುತ್ತೇನೆ. ತಾವೂ ಮನೆಯಲ್ಲಿ ಹೀಗೆ ಎಣಿಸಬಹುದು. ದೊಡ್ಡವರು ಸುಮ್ಮನೆ ಕುಳಿತಿರುವಾಗಲೂ ನಿಮಿಷಕ್ಕೆ 24 ಸಲ ಅಥವಾ ಅದಕ್ಕೂ ಹೆಚ್ಚು ಉಸಿರಾಡುತ್ತಿದ್ದರೆ, ಯಂತ್ರವು ಏನನ್ನೇ ತೋರಿಸಲಿ, ತಡಮಾಡದೆ ವೈದ್ಯರಲ್ಲಿಗೆ ಕರೆತನ್ನಿರಿ.