ವರ್ಸೇಲ್ಸಿನ ನಾಲ್ವರು ಗೆಳೆಯರು

ಪ್ಯಾರಿಸ್ಸಿನ ಮಗ್ಗುಲಲ್ಲೇ ಇರುವ ವರ್ಸೇಲ್ಸ್ ಊರಿನಲ್ಲಿ ಕೂಡಿ ನುಡಿಸುತ್ತಾ ಬೆಳೆದ ಹುಡುಗರ ತಂಡ 'ಫೀನಿಕ್ಸ್'. ಹಾಡುವವರು ಥಾಮಸ್ ಮಾರ್ಸ್, ಬೇಸ್ ಗಿಟಾರಿಗೆ ಡೆಕ್ ದಾರ್ಸಿ, ಗಿಟಾರಿಗೆ ಅಣ್ಣತಮ್ಮಂದಿರಾದ ಲೊರಾನ್ ಬ್ರಾಂಕೋವಿಟ್ಸ್ ಮತ್ತು ಕ್ರಿಸ್ಟಿಯಾನ್ ಮಜ್ಜಲಾಯ್. ಲೊರಾನ್ ಮೊದಲಿದ್ದದ್ದು 'ಡಾರ್ಲಿನ್' ಎಂಬ ತಂಡದಲ್ಲಿ. ಬ್ರಿಟನ್ನಿನ ಪತ್ರಿಕೆಯೊಂದು ಆ ತಂಡವನ್ನು ಹಳಿಯಿತು. ಜೊತೆಗಿದ್ದ ಇಬ್ಬರು ಆ ಹಳಿದ ಮಾತನ್ನೇ ಹೆಸರಾಗಿಟ್ಟುಕೊಂಡು 'ಡಾಫ್ಟ್ ಪಂಕ್' ಎಂದು ಜಗತ್ಪ್ರಸಿದ್ಧರಾದರು. ಲೊರಾನ್ ತಮ್ಮನ ತಂಡ ಸೇರಿದರು.

2000ದಲ್ಲಿ ಮೊದಲ ಆಲ್ಬಂ 'ಯುನೈಟೆಡ್' ಬಂತು. ಫ್ರೆಂಚ್ ಸಂಗೀತವೆಂದರೆ ಡ್ಯಾನ್ಸ್ ಕ್ಲಬ್ಬಿನ ಸಂಗೀತ ಎಂಬಂತಿದ್ದ ಕಾಲವದು. ಇವರು ಎಪ್ಪತ್ತರ ದಶಕದ ಮೆಲುದನಿಯ ಸಾಫ್ಟ್ ರಾಕ್ ಹಿಡಿದರು, ಅದೂ ಇಂಗ್ಲಿಷಿನಲ್ಲಿ. 'ಟೂ ಯಂಗ್' ಹಾಡು 2003ರ 'ಲಾಸ್ಟ್ ಇನ್ ಟ್ರಾನ್ಸ್‌ಲೇಶನ್' ಚಿತ್ರದಲ್ಲಿ ಕೇಳಿಬಂತು. 2004ರ 'ಆಲ್ಫಬೆಟಿಕಲ್' ನನ್ನ ಕಿವಿಗೆ ತುಸು ಅತಿಯಾಗಿ ತಿದ್ದಿದಂತೆ ಕೇಳುತ್ತದೆ. ಅವರಿಗೂ ಬದಲಾವಣೆ ಬೇಕಿತ್ತೋ ಏನೋ, ಬರ್ಲಿನ್ನಿಗೆ ಹೋಗಿ, ಹಿಂದಿನ ಪೂರ್ವ ಜರ್ಮನಿಯ ರೇಡಿಯೋ ಕಟ್ಟಡದಲ್ಲಿ ಮೂರನೆಯ ಆಲ್ಬಮ್ಮನ್ನು ಮುದ್ರಿಸಿಕೊಂಡರು. ಅದರಲ್ಲಿ ಗಿಟಾರಿನದೇ ಮೇಲುಗೈ.

ನಿಜವಾದ ತಿರುವು 2009ರ 'ವೂಲ್ಫ್‌ಗಾಂಗ್ ಅಮೆಡಿಯಸ್ ಫೀನಿಕ್ಸ್'. ಮೊದಲ ಆಲ್ಬಮ್ಮಿಗೂ ದುಡಿದಿದ್ದ ಫಿಲಿಪ್ ಜ್ದಾರ್ ಈ ಸಲ ಸಹನಿರ್ಮಾಪಕರು. '1901' ಹಾಡನ್ನು ತಂಡ ಮೊದಲು ಉಚಿತವಾಗಿಯೇ ಹಂಚಿತು. ಅದು ಅಮೆರಿಕದಲ್ಲೆಲ್ಲ ಹಬ್ಬಿತು. ಆದರೆ ನಾನು ಮೆಚ್ಚುವುದು 'ಲವ್ ಲೈಕ್ ಎ ಸನ್‌ಸೆಟ್' ಅನ್ನು. ಐದು ನಿಮಿಷಕ್ಕೂ ಹೆಚ್ಚು ಹೊತ್ತು ಬರೀ ವಾದ್ಯ. ಒಂದೇ ಸ್ವರಗುಚ್ಛ ಮತ್ತೆ ಮತ್ತೆ ಬಂದು ದಟ್ಟವಾಗುತ್ತಾ ಹೋಗುತ್ತದೆ, ದನಿ ಸೇರುವುದು ಆಮೇಲೆ. ಜನಪ್ರಿಯತೆಯ ಹೊಸ್ತಿಲಲ್ಲಿ ನಿಂತು ಇಷ್ಟು ತಾಳ್ಮೆ ತೋರುವುದು ಸಣ್ಣ ಮಾತಲ್ಲ. ಆ ಆಲ್ಬಮ್ಮಿಗೆ 2010ರಲ್ಲಿ ಗ್ರ್ಯಾಮಿ ಸಂದಿತು.

ಆಮೇಲೆ 'ಬ್ಯಾಂಕ್ರಪ್ಟ್', 'ಟಿ ಆಮೋ' ಬಂದವು. 2019ರಲ್ಲಿ ಜ್ದಾರ್ ಪ್ಯಾರಿಸ್ಸಿನಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡರು. ಬೇರೆ ತಂಡವಾಗಿದ್ದರೆ ಕೈಚೆಲ್ಲುತ್ತಿತ್ತೇನೋ. ಇವರು ಲೂವ್ರ್ ಅರಮನೆಯ ಅಲಂಕಾರ ಕಲೆಗಳ ಮ್ಯೂಸಿಯಮ್ಮಿನೊಳಗೇ ಸ್ಟುಡಿಯೋ ಹೂಡಿ, 2022ರಲ್ಲಿ 'ಆಲ್ಫಾ ಜುಲು' ತಂದರು. 2024ರ ಪ್ಯಾರಿಸ್ ಒಲಿಂಪಿಕ್ಸಿನ ಸಮಾರೋಪದಲ್ಲೂ ನುಡಿಸಿದರು. ಇಷ್ಟು ವರ್ಷಗಳಲ್ಲಿ ಒಬ್ಬರೂ ತಂಡ ಬಿಟ್ಟು ಹೋಗಿಲ್ಲ.

ಫೀನಿಕ್ಸನ್ನು ಇನ್ನೂ ಕೇಳದವರು 'ಯುನೈಟೆಡ್'ನ 'ಇಫ್ ಐ ಎವರ್ ಫೀಲ್ ಬೆಟರ್' ಹಾಡಿನಿಂದ ಶುರುಮಾಡಿ. ಬೇಸ್ ಗಿಟಾರಿನ ಕಡೆಗೆ ಕಿವಿಯಿರಲಿ.